ಬರ್ಫದ ಮೇಲೆ ನೇಸರಗಿಯ ಕೌದಿ

ನೇಸರಗಿಯ ನಿಂಗರಾಜನಿಗೆ ಲೇಹದ ಚಳಿಯ ಅಂಜಿಕೆ ಇರಲಿಲ್ಲ. ಎದುರಿನಿಂದ ಗುಂಡಿನಂತೆ ಹಾರಿ ಬರುವ ಐಸ್ ಹಾಕಿಯ ಪಕ್ಕಿನ ಅಂಜಿಕೆಯೂ ಇರಲಿಲ್ಲ. ಅವನು ಅಂಜುತ್ತಿದ್ದದ್ದು ಸ್ವಂತ ಊರಿನ ಬಸ್‌ಸ್ಟ್ಯಾಂಡಿಗೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ರಜೆ ಸಿಕ್ಕು, ಬೆಳಗಾವಿಯಿಂದ ಬಂದ ಬಸ್ಸು ಅವನನ್ನು ಅಲ್ಲಿ ಇಳಿಸಿತೆಂದರೆ, ಟ್ರಂಕು ನೆಲ ಮುಟ್ಟುವ ಮೊದಲೇ ಯಾರಾದರೊಬ್ಬರು ಕೇಳಿಬಿಡುತ್ತಿದ್ದರು, ಇನ್ನೂ ಆಡಾಕs ಹತ್ತೀಯೋ, ಇಲ್ಲಾ ಏನರೆ ಕೆಲಸಕ್ಕ ಹಚ್ಚ್ಯಾರೋ ಅಂತ.

ಆಟವೇ ಕೆಲಸ ಎಂದು ಹೇಳಿ ಹೇಳಿ ಅವನ ಬಾಯಿ ಸೋತಿತ್ತು. 1992ರಲ್ಲಿ ಪಲ್ಟಣದ ಜೊತೆ ಲೇಹಕ್ಕೆ ಹೋದವನು ಅದೇ ಚಳಿಗಾಲದಿಂದ ಪಲ್ಟಣದ ಐಸ್ ಹಾಕಿ ತಂಡದ ಗೋಲ್‌ಕೀಪರ್. ಡಿಸೆಂಬರಿನಲ್ಲಿ ಕೆರೆ ಹೆಪ್ಪುಗಟ್ಟಿತೆಂದರೆ ಅವನ ಕೈಯಿಂದ ಬಂದೂಕು ಇಸಿದುಕೊಂಡು ಡೊಂಕು ಕೋಲು ಕೊಡುತ್ತಿದ್ದರು. ಪಗಾರ ಅದೇ, ಮೇಲೆ ದಿನಕ್ಕೊಂದು ಸೇರು ಹಾಲು, ನಾಲ್ಕು ಮೊಟ್ಟೆ. ಲಿಂಗಾಯತರ ಹುಡುಗ ಮೊಟ್ಟೆ ಕಟ್ಟಿಕೊಂಡು ಏನು ಮಾಡಿಯಾನು? ಆಮೇಲೆ ತಂಡ ಸೇರಿದ ರಿಗ್ಜಿನ್ ಎಂಬ ಲಡಾಖಿ ಹುಡುಗನ ತಟ್ಟೆಗೆ ಅವನ್ನು ದಾಟಿಸುತ್ತಿದ್ದ. ಆ ಮೊಟ್ಟೆ ತಿಂದು ಬಲಿತ ರಿಗ್ಜಿನ್ ಕೊನೆಗೆ ನಿಂಗರಾಜನ ಜಾಗದ ಮೇಲೆಯೇ ಕಾವಿಗೆ ಕೂತ.

ಇದನ್ನೆಲ್ಲ ನೇಸರಗಿಗೆ ತಿಳಿಸಿ ಹೇಳುವುದು ಹೇಗೆ? ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ಮೂರು ತಾಲೂಕಿನ ಜನಕ್ಕೆ ಗೊತ್ತಿದ್ದ ಬರ್ಫ ಎರಡೇ. ಒಂದು ಸೋಡಾ ಅಂಗಡಿಯಲ್ಲಿ ತೌಡಿನೊಳಗೆ ಹೂತಿಟ್ಟದ್ದು, ಇನ್ನೊಂದು ಮುಂಬಯಿಯಿಂದ ಮಗ ಬರುವ ತನಕ ಹೆಣ ಕೆಡಬಾರದೆಂದು ಕೆಳಗೆ ಇಡುವುದು. ಕೆರೆಗೆ ಕೆರೆಯೇ ಕಲ್ಲಾಗುತ್ತದೆ, ಬೂಟಿನ ಅಡಿಗೆ ಉಕ್ಕಿನ ಅಲಗು ಬಿಗಿದುಕೊಂಡು ಅದರ ಮೇಲೆ ಜಾರುತ್ತೇವೆ, ಚೆಂಡಿನ ಬದಲಿಗೆ ಪಕ್ಕು ಅಂತ ಒಂದು ಕರಿ ರಬ್ಬರಿನ ಬಿಲ್ಲೆ ಇರುತ್ತದೆ, ಅದನ್ನು ಕೋಲಿನಿಂದ ಹೊಡೆಯುತ್ತಾರೆ, ನಾನು ಗೋಲಿನ ಬಾಯಲ್ಲಿ ನಿಂತು ತಡೆಯುತ್ತೇನೆ, ಎಂದು ಅವನು ಬಿಡಿಸಿ ಹೇಳುತ್ತಿದ್ದ. ಕೇಳಿದವರು ಎಲ್ಲದಕ್ಕೂ ಹೂಂ ಅಂದು, ಕೊನೆಗೆ, ಹಂಗಾದ್ರ ಬಂದೂಕು ಯಾವಾಗ ಹೊಡೀತೀರಿ ಎನ್ನುತ್ತಿದ್ದರು. ತಂಡದಲ್ಲಿ ಗೋಲು ಕಾಯುವವನನ್ನು 'ಗೋಲಿ' ಅನ್ನುತ್ತಾರೆ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ, ರಾಮದುರ್ಗದ ಸೋದರತ್ತೆ, ನಮ್ಮ ನಿಂಗ್ಯಾಗ ಸರಕಾರ ಗೋಲಿ ಆಡಾಕ ಪಗಾರ ಕೊಡತೈತಿ ಎಂದು ಓಣಿಯ ತುಂಬ ಸಾರಿ ಬಂದಳು. ಗೋಲು ಕಾಯುವುದು ಒಂದು ಕಷ್ಟವಾದರೆ ಅದರ ಗೋಳು ಹೇಳಿಕೊಳ್ಳುವುದು ಹತ್ತು ಕಷ್ಟ.

ಅವನು ಗೋಲಿಗೆ ನಿಂತದ್ದಾದರೂ ಹೇಗೆ? ಜಾರಲು ಬಾರದ್ದರಿಂದ. ಮೊದಲ ದಿನ ಅಲಗಿನ ಬೂಟು ಹಾಕಿಕೊಂಡು ಕೆರೆಗೆ ಇಳಿದವನು ಆರು ಸಲ ಬಿದ್ದ. ಏಳನೆಯ ಸಲ ಕೈಗೆ ಸಿಕ್ಕ ಕಂಬವನ್ನು ಗಟ್ಟಿಯಾಗಿ ತಬ್ಬಿಕೊಂಡ. ಅದು ಗೋಲಿನ ಕಂಬ. ತಂಡದ ಉಸ್ತುವಾರಿ ನೋಡುತ್ತಿದ್ದ ಗಢವಾಲಿ ಸುಬೇದಾರರು ಕಂಬ ಬಿಡು ಎಂದು ಕೂಗಾಡುತ್ತಿರುವಾಗ ಯಾರೋ ಹೊಡೆದ ಪಕ್ಕು ಅವನ ಮುಖಕ್ಕೇ ಬಂತು. ನಿಂಗರಾಜ ಒಂದು ಕೈಯಿಂದ ಕಂಬ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅದನ್ನು ಹಿಡಿದುಬಿಟ್ಟ. ಅದರಲ್ಲಿ ಅವನಿಗೇನೂ ವಿಶೇಷ ಕಾಣಲಿಲ್ಲ. ಅಪ್ಪ ಕಾಡಪ್ಪನ ಗಾಣದಲ್ಲಿ ಬೆಲ್ಲದ ಪೆಂಟಿಗಳನ್ನು ಚಕ್ಕಡಿಗೆ ಹೇರುವಾಗ ಒಬ್ಬ ಎಸೆಯುವುದು, ಇನ್ನೊಬ್ಬ ಹಿಡಿಯುವುದು. ಬಿಟ್ಟರೆ ಪೆಂಟಿ ಒಡೆಯುತ್ತಿತ್ತು, ಅದರ ಹಿಂದೆಯೇ ಕಾಡಪ್ಪನ ಕೈ ಬೆನ್ನಿಗೆ ಬರುತ್ತಿತ್ತು. ಹೀಗೆ ಬೆಳೆದ ಹುಡುಗನಿಗೆ ಅಂಗೈಯಗಲದ ರಬ್ಬರು ಬಿಲ್ಲೆ ಯಾವ ಲೆಕ್ಕ? ಓಡಲಾರದವನನ್ನು ಒಂದು ಕಡೆ ನಿಲ್ಲಿಸುವುದೇ ಲೇಸು ಎಂದು ಸುಬೇದಾರರು ಅವನನ್ನು ಅಲ್ಲಿಯೇ ನಿಲ್ಲಿಸಿದರು. ಅವನು ನಿಂತ. ಒಂಬತ್ತು ಚಳಿಗಾಲ ನಿಂತ. ಎರಡನೆಯ ವರ್ಷ ಮುಂದಿನ ಹಲ್ಲೊಂದು ಹೋಯಿತು. ಅಂದಿನಿಂದ ಹಲ್ಲು ಕಚ್ಚಿ ಸಹಿಸುವ ಕೆಲಸ ಉಳಿದ ಹಲ್ಲುಗಳ ಪಾಲಿಗೆ ಬಂತು.

ಇಂಥವನಿಗೆ 1995ರಲ್ಲಿ ಕನ್ಯೆ ನೋಡಿದರು. ಯರಗಟ್ಟಿಯ ಕಾಳುಕಡಿ ವ್ಯಾಪಾರಿ ಸಂಗಪ್ಪನ ಮಗಳು ನಾಗರತ್ನಾ. ಅವಲಕ್ಕಿ, ಚಹಾ ಆದ ಮೇಲೆ ಸಂಗಪ್ಪ, ವರ ಮಿಲಿಟರಿಯೊಳಗೆ ಏನು ಮಾಡುತ್ತಾರೆಂದು ಮರ್ಯಾದೆಯಿಂದ ವಿಚಾರಿಸಿದ. ಕಾಡಪ್ಪ ಹೆಮ್ಮೆಯಿಂದ, ಐಸ್ ಹಾಕಿ ಆಡ್ತಾನ್ರಿ ಎಂದ.

ಸಂಗಪ್ಪನ ಮುಖ ಸಣ್ಣದಾಯಿತು. "ಐಸ್ ಹಾಕಿ ಏನ ಕುಡೀತಾನ್ರಿ? ರಮ್ಮೋ, ಮತ್ತೇನರೆನೋ?"

ನಿಂಗರಾಜ ನಡುವೆ ಬಾಯಿ ಹಾಕಿ, ಕುಡಿಯುವುದಲ್ಲ, ಇದು ಹಾಕಿ ಎಂದರೆ ಹಾಕಿ, ಕೋಲಿನದು ಎಂದ. ಬಾಯಿ ತೆರೆದದ್ದೇ ಹೋದ ಹಲ್ಲು ಕಂಡು, ಕುಡಿದು ಬಿದ್ದದ್ದಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು. ಕೆರೆ, ಬರ್ಫ, ಪಕ್ಕು ಎಂದು ಅವನು ವಿವರಿಸಿದಷ್ಟೂ ಸಂಗಪ್ಪನ ಹುಬ್ಬು ಮೇಲೇರಿತು. ಕೊನೆಗೆ ಬಾಗಿಲ ಹಿಂದಿನಿಂದ ನಾಗರತ್ನಾ ತನ್ನ ಅವ್ವನ ಬಾಯಿಯಿಂದ ಒಂದು ಪ್ರಶ್ನೆ ಕೇಳಿಸಿದಳು, ಅದರಾಗ ಇವರು ಹೊಡೆಯವ್ರೋ, ಹೊಡಿಸಿಕೊಳ್ಳಾವ್ರೋ ಎಂದು. ಹೊಡೆಸಿಕೊಳ್ಳುವವನು ಎಂದು ನಿಂಗರಾಜ ಒಪ್ಪಿಕೊಂಡ. ಹಂಗಾದ್ರ ಅಡ್ಡಿಯಿಲ್ಲ ಎಂದಳಂತೆ. ಅಷ್ಟು ವರ್ಷಗಳಲ್ಲಿ ಅವನ ಆಟದ ಬಗ್ಗೆ ಯಾರಾದರೂ ಕೇಳಿದ ನೆಟ್ಟಗಿನ ಪ್ರಶ್ನೆ ಅದೊಂದೇ.

ಮದುವೆಯ ಹಿಂದಿನ ದಿನ ಅರಿಷಿಣ ಹಚ್ಚುವಾಗ ಅವ್ವ ರಾಚವ್ವ ಮಗನ ಧೋತರ ಮೊಣಕಾಲಿಗೆ ಸರಿಸಿದಳು, ಸರಿಸಿ ಹಾಗೆಯೇ ಕೂತಳು. ಎರಡೂ ಕಣಕಾಲು ನೇರಳೆ ಹಣ್ಣಿನ ಬಣ್ಣ. ತಂಡದಲ್ಲಿದ್ದದ್ದು ಯಾರೋ ಬಿಟ್ಟುಹೋದ ಹಳೆಯ ಕ್ರಿಕೆಟ್ ಪ್ಯಾಡು. ಪಕ್ಕಿನ ಏಟು ಅದನ್ನು ದಾಟಿ ಎಲುಬಿಗೇ ಮುಟ್ಟುತ್ತಿತ್ತು.

"ಹೊಡಿಸ್ಕೊಳ್ಳಾಕೂ ಪಗಾರ ಕೊಡ್ತಾರೇನೋ ಯಪ್ಪಾ?" ಎಂದಳು ರಾಚವ್ವ. ಸುತ್ತ ಕೂತ ಮುತ್ತೈದೆಯರು ಹಾಡು ನಿಲ್ಲಿಸಿದರು. ನಿಂಗರಾಜ ಮತ್ತೆ ಮೊದಲಿನಿಂದ, ಕೆರೆಯಿಂದ, ಶುರು ಮಾಡಿದ. ಅವಳು ಕೇಳಲಿಲ್ಲ.

ಆ ಓಣಿಯಲ್ಲಿ ರಾಚವ್ವನಂತೆ ಕೌದಿ ಹೊಲಿಯುವವರು ಇರಲಿಲ್ಲ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಎಳ್ಳು ಬಿತ್ತಿದ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕಿದಳೆಂದರೆ ಆ ಕೌದಿ ಮೊಮ್ಮಕ್ಕಳ ಕಾಲಕ್ಕೂ ಹರಿಯುತ್ತಿರಲಿಲ್ಲ. ಮದುವೆಯ ಹಂದರ ಬಿಚ್ಚುವ ಮೊದಲೇ ಅವಳು ಮಗನ ಕಾಲಿನ ಅಳತೆ ತೆಗೆದಳು, ಬೈಲಹೊಂಗಲದ ಪೇಟೆಯಿಂದ ಅರಳೆ ತರಿಸಿದಳು, ಒಂದೊಂದು ಕಾಲಿಗೆ ಒಂದೊಂದು ಕೌದಿ ಹೊಲಿದಳು. ಇಳಕಲ್ ಸೀರೆಯ ಕೆಂಪು ಅಂಚಿನ ಪ್ಯಾಡು ನೋಡಿ ಸುಬೇದಾರರಿಗೆ ಸಿಟ್ಟು ಬಂತು. ಪಲ್ಟಣದ ಮಾನ ಹೋಗಬಾರದೆಂದು ಮೇಲೆ ಖಾಕಿ ಬಟ್ಟೆ ಹೊಲಿಸಿದರು. ಆದರೆ ಮೊದಲ ಆಟದಲ್ಲಿಯೇ ಅವರು ಸುಮ್ಮನಾದರು. ಎಂಥ ಜೋರಿನ ಪಕ್ಕಾದರೂ ಆ ಕೌದಿಗೆ ಬಂದು ತಾಗಿತೆಂದರೆ, ಹೋಳಿಗೆ ಉಂಡ ಅಳಿಯನ ಹಾಗೆ ಅಲ್ಲಿಯೇ ಮಲಗಿಬಿಡುತ್ತಿತ್ತು. ಚಿಮ್ಮುವುದಿಲ್ಲ, ಹೊರಳುವುದಿಲ್ಲ. ನಿಂಗರಾಜ ಕೋಲಿನಿಂದ ಮೆಲ್ಲಗೆ ಎಬ್ಬಿಸಿ ಆಚೆ ಕಳಿಸುತ್ತಿದ್ದ.

ಐದು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ರಿಗ್ಜಿನ್ ಸುಬೇದಾರರ ಕಣ್ಣಿಗೆ ಬಿದ್ದ. ಅವನು ನಡೆಯುವ ಮೊದಲೇ ಜಾರಲು ಕಲಿತವನು, ಗೋಲಿನ ಒಂದು ಕಂಬದಿಂದ ಇನ್ನೊಂದಕ್ಕೆ ಬೆಕ್ಕಿನಂತೆ ಹಾರುತ್ತಿದ್ದ. ನಿಂಗರಾಜ ಬೀರುವಿನಂತೆ ಸರಿಯುತ್ತಿದ್ದ. 2000ದ ಬೇಸಿಗೆಗೆ ರಜೆಯ ಮೇಲೆ ಹೊರಟವನನ್ನು ಸುಬೇದಾರರು ಕರೆದು ತೂಗಿ ತೂಗಿ ಹೇಳಿದರು: ಬರುವ ಜನವರಿಯ ಪಂದ್ಯಾವಳಿ ನೀನೇ ಆಡು, ಕಪ್ಪು ತಂದರೆ ನಿವೃತ್ತಿಯ ತನಕ ಗೋಲು ನಿನ್ನದು, ತರದಿದ್ದರೆ ರಿಗ್ಜಿನ್ ನಿಲ್ಲುತ್ತಾನೆ, ನೀನು ಸೀಮೆಎಣ್ಣೆಯ ಸ್ಟೋರಿಗೆ ಹೋಗು. ನಿಂಗರಾಜನಿಗೆ ಬೇರೆ ಯಾವ ಕೆಲಸವೂ ನೆಟ್ಟಗೆ ಬರುತ್ತಿರಲಿಲ್ಲ, ಬೇರೆ ಯಾವುದರಲ್ಲಿಯೂ ಅವನನ್ನು ಯಾರೂ ಹೊಗಳಿರಲಿಲ್ಲ. ಆ ಎರಡು ಕಂಬಗಳ ನಡುವಿನ ಜಾಗ ಹೋದರೆ ಊರಿನವರ ಮಾತೇ ನಿಜವಾಗುತ್ತದೆ: ಇಷ್ಟು ದಿನ ಆಡಿದ, ಈಗ ಕೆಲಸಕ್ಕೆ ಹಚ್ಚಿದರು.

ಇದನ್ನು ಅವನು ಮನೆಯಲ್ಲಿ ಹೇಳಬಾರದಿತ್ತು. ಹೇಳಿದ. ರಾಚವ್ವ ಮಾರನೆಯ ದಿನವೇ ಹಳೆಯ ಪ್ಯಾಡು ಬಿಚ್ಚಿ, ಗಂಟುಗಟ್ಟಿದ ಅರಳೆ ಚೆಲ್ಲಿ, ಹೊಸ ಅರಳೆ ತರಿಸಿದಳು. ಜೊತೆಗೆ ಇನ್ನೊಂದು ಮಾತು ತೆಗೆದಳು. ಕೌದಿ ಹೊಲಿದು ಮುಗಿಸಿದ ದಿನ ಅದಕ್ಕೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಮಡಿಕೆಯೊಳಗಿಟ್ಟು ಕೊಡಬೇಕು. ಬರಿ ಉಡಿಯಲ್ಲಿ ಕೌದಿ ಮನೆಯ ಹೊಸ್ತಿಲು ದಾಟಬಾರದು. ಇಷ್ಟು ವರ್ಷ ಇದನ್ನು ಕೌದಿ ಅಂತ ತಿಳಿಯದೆ ಹಾಗೆಯೇ ಕೊಟ್ಟಿದ್ದರಿಂದಲೇ ಈಗ ಕುತ್ತು ಬಂದಿದೆ.

ನಿಂಗರಾಜನಿಗೆ ತಲೆ ಕೆಟ್ಟಿತು. ಇದು ಹೊದೆಯುವ ಕೌದಿಯಲ್ಲ, ಕಾಲಿಗೆ ಕಟ್ಟುವುದು. ಇದಕ್ಕೆ ಮಡಿಕೆಯೂ ಇಲ್ಲ, ಮಣ್ಣೂ ಇಲ್ಲ. ಅರಳೆಯ ಹೊರತು ಒಂದು ಕಾಳು ಒಳಗೆ ಹೋದರೂ ನಾನು ಕೆಟ್ಟೆ ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದು ತಾಸು ಕೂಗಾಡಿದ. ರಾಚವ್ವ ಸುಮ್ಮನಾದಳು. ರಾಚವ್ವ ಸುಮ್ಮನಾದಳೆಂದರೆ ಮಾತು ಮುಗಿಯಿತೆಂದಲ್ಲ, ಕೆಲಸ ಶುರುವಾಯಿತೆಂದು ಮಗನಾದವನು ತಿಳಿಯಬೇಕಿತ್ತು. ಆ ವಾರ ಅವಳು ಸವದತ್ತಿಯ ಗುಡ್ಡಕ್ಕೆ ಎಲ್ಲಮ್ಮನ ಹತ್ತಿರ ಹೋಗಿ ಬಂದಳು. ಹೊರಡುವ ದಿನ ಪ್ಯಾಡು ಎತ್ತಿದರೆ ಒಂದು ಸ್ವಲ್ಪ ಭಾರ. ಹೊಸ ಅರಳೆ ಹಂಗs ಇರತೈತಿ ಎಂದಳು ಅವ್ವ.

ಜನವರಿಯ ಅಂತಿಮ ಪಂದ್ಯ. ಅಲ್ಲಿಯ ತನಕ ಬಿದ್ದ ಏಟನ್ನೆಲ್ಲ ಹೊಸ ಅರಳೆಯೇ ನುಂಗಿತ್ತು. ಎದುರಿಗೆ ಇನ್ನೊಂದು ಪಲ್ಟಣ, ಸುತ್ತ ದಂಡೆಯ ಮೇಲೆ ಲೇಹದ ಅರ್ಧ ಜನ, ಮೇಲೆ ನೀಲಿ ಆಕಾಶ. ಎರಡೂ ಕಡೆ ಎರಡೆರಡು ಗೋಲು. ನಿಂಗರಾಜ ಅಂದು ಎಂದೂ ಆಡದ ಹಾಗೆ ಆಡಿದ. ಮುಖಕ್ಕೆ ಬಂದದ್ದನ್ನು ಬೆಲ್ಲದ ಪೆಂಟಿಯಂತೆ ಹಿಡಿದ, ಪಕ್ಕೆಗೆ ಬಂದ ಪಕ್ಕನ್ನು ಪಕ್ಕಕ್ಕೆ ತಳ್ಳಿದ. ಆಟ ಇನ್ನೇನು ಮುಗಿಯಬೇಕು, ಎದುರಿನವರ ದಾಂಡಿಗನೊಬ್ಬ ಹತ್ತು ಮಾರಿನಿಂದ ಬೀಸಿ ಹೊಡೆದ. ನಿಂಗರಾಜ ಮೊಣಕಾಲೂರಿ ಬಲಗಾಲು ಅಡ್ಡ ಕೊಟ್ಟ. ಪಕ್ಕು ನೇರ ಕೌದಿಗೇ ಬಂತು. ಸುಮ್ಮನೆ ಮಲಗಬೇಕಾದದ್ದು ಮಲಗಲಿಲ್ಲ. ಒಳಗಿನಿಂದ 'ಟಕ್' ಎಂದು ಕೊಬ್ಬರಿ ಬಟ್ಟಲಿನ ಸಪ್ಪಳ ಬಂತು, ಎಳ್ಳಿನಂಥ ಹೊಲಿಗೆ ಸರ್ರನೆ ಬಿಚ್ಚಿತು, ಅಕ್ಕಿ ಚೆಲ್ಲಿತು, ಉತ್ತತ್ತಿ ಉರುಳಿದವು, ಅವುಗಳ ಹಿಂದೆ ಸೇರಿನಷ್ಟು ಭಂಡಾರ, ಎಲ್ಲಮ್ಮನ ಗುಡ್ಡದ ಅರಿಷಿಣದ ಪುಡಿ, ಹಳದಿ ಮೋಡವಾಗಿ ಎದ್ದಿತು. ಗೋಲು ಕಾಣಲಿಲ್ಲ, ಗೆರೆ ಕಾಣಲಿಲ್ಲ, ನಿಂಗರಾಜನೂ ಕಾಣಲಿಲ್ಲ. ದಂಡೆಯ ಮೇಲಿದ್ದ ನಿಪ್ಪಾಣಿ ಕಡೆಯ ಜವಾನನೊಬ್ಬನಿಗೆ ಏನನ್ನಿಸಿತೋ, ಎರಡೂ ಕೈ ಎತ್ತಿ ಎಲ್ಲಮ್ಮನ ಜಾತ್ರೆಯಲ್ಲಿದ್ದಂತೆ ಉಧೋ ಉಧೋ ಎಂದ.

ಮೋಡದೊಳಗಿದ್ದ ನಿಂಗರಾಜನಿಗೆ ಮಾತ್ರ ಎಲ್ಲ ಕಂಡಿತ್ತು. ಕೊಬ್ಬರಿಗೆ ಚಿಮ್ಮಿದ ಪಕ್ಕು ಅವನ ಎಡ ಹಿಮ್ಮಡಿಯ ಹತ್ತಿರ ಗೆರೆ ದಾಟಿ ನಾಲ್ಕು ಬೆರಳು ಒಳಗೆ ಹೋಯಿತು, ಬೂಟಿನ ಅಲಗಿಗೆ ಬಡಿಯಿತು, ತಿರುಗಿ ಹೊರಗೆ ಬಂದು ಅವನ ಮೊಣಕಾಲಿನ ಕೆಳಗೇ ಅಕ್ಕಿಯಲ್ಲಿ ಕೂತಿತು. ಮೋಡ ಇಳಿದಾಗ ಎಲ್ಲರೂ ಕಂಡದ್ದು ಗೆರೆಯ ಹೊರಗಿದ್ದ ಪಕ್ಕನ್ನು. ಅಂಪೈರು ಮೀಸೆಯ ಮೇಲಿನ ಹಳದಿ ಒರೆಸಿಕೊಳ್ಳುತ್ತ ಬಂದ. ನೋಡಿದವರು ಯಾರೂ ಇಲ್ಲ. ತಂಡದ ಹುಡುಗರು, ಹೋಗಿಲ್ಲ, ಹೋಗಿಲ್ಲ ಎಂದು ಮುತ್ತಿದರು. ದಂಡೆಯಿಂದ ಸುಬೇದಾರರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಒಳಗೆ ಹೋಯಿತೇನು ಎಂದು ಅಂಪೈರು ಸುಮ್ಮನೆ ಕೇಳಬೇಕೆಂದು ಹಿಂದಿಯಲ್ಲಿ ಕೇಳಿದ, "ಅಂದರ್ ಗಯಾ ಕ್ಯಾ?"

ಜಗತ್ತಿನ ಯಾವ ಗೋಲ್‌ಕೀಪರನಾದರೂ ಇಲ್ಲ ಅನ್ನುತ್ತಿದ್ದ. ಅನ್ನಬೇಕು ಕೂಡ, ಅದು ಆ ವೃತ್ತಿಯ ಧರ್ಮ. ನಿಂಗರಾಜ ಇಲ್ಲ ಅನ್ನಲು ಬಾಯಿ ತೆರೆದ. ತುಟಿಯ ಮೇಲಿದ್ದ ಭಂಡಾರ ನಾಲಿಗೆಗೆ ಬಂತು.

ನಮ್ಮ ಕಡೆ ಬದುವಿನ ಜಗಳವಾಗಲಿ, ಎಮ್ಮೆಯ ಜಗಳವಾಗಲಿ, ಮಾತು ಹರಿಯದಿದ್ದರೆ ಕೊನೆಗೆ ಹಿರಿಯರು, ಭಂಡಾರ ಹಿಡಿದು ಹೇಳು ಅನ್ನುತ್ತಾರೆ. ಹಿಡಿದ ಮೇಲೆ ಯಾರೂ ಸುಳ್ಳು ಹೇಳುವುದಿಲ್ಲ. ಕಾಡಪ್ಪನ ಸ್ವಂತ ತಮ್ಮ ಭಂಡಾರ ಹಿಡಿಯಲು ಅಂಜಿ ಬದುವಿನ ಗುಂಟ ಎರಡು ಸಾಲು ಹೊಲ ಬಿಟ್ಟುಕೊಟ್ಟಿದ್ದ. ಅವರೆಲ್ಲ ಹಿಡಿಯುವುದು ಒಂದು ಚಿಟಿಕೆ. ನಿಂಗರಾಜ ತಲೆಯಿಂದ ಬೂಟಿನ ತನಕ ಭಂಡಾರದಲ್ಲಿ ಅದ್ದಿಹೋಗಿದ್ದ. ರೆಪ್ಪೆಯಲ್ಲಿ ಭಂಡಾರ, ಮೂಗಿನಲ್ಲಿ ಭಂಡಾರ. ಸವದತ್ತಿಯಿಂದ ಸಾವಿರಾರು ಮೈಲಿ ದೂರ, ಬರ್ಫದ ಮೇಲೆ, ಅವ್ವ ಅವನನ್ನು ಹಿಡಿದು ಗುಡ್ಡದ ಮೆಟ್ಟಿಲ ಮೇಲೆ ನಿಲ್ಲಿಸಿದ್ದಳು. ಅವ್ವನ ಮೇಲೆ, ಅರಳೆಯ ಮೇಲೆ, ಕೊಬ್ಬರಿಯ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು.

"ಗಯಾ" ಎಂದ.

ಅಂಪೈರು ಎರಡನೆಯ ಸಲ ಕೇಳಿದ. ಎರಡನೆಯ ಸಲವೂ ಅದನ್ನೇ ಹೇಳಿದ.

ಕಪ್ಪು ಹೋದ ಆ ರಾತ್ರಿ ತಂಡದವರೆಲ್ಲ ಅವನಿಗೆ ಬೆನ್ನು ಹಾಕಿ ಮಲಗಿದರು. ರಿಗ್ಜಿನ್ ಮಾತ್ರ ತನ್ನ ಹಾಸಿಗೆಯಿಂದ ಎದ್ದು ಬಂದು, ಬಿದ್ದಿದ್ದ ಉತ್ತತ್ತಿ ಆಯ್ದು ತಂದದ್ದನ್ನು ಅವನ ಮುಂದಿಟ್ಟು ಹೋದ. ಬೆಳಗ್ಗೆ ಸುಬೇದಾರರು ಕೀಲಿಕೈ ಗೊಂಚಲೊಂದನ್ನು ಮೇಜಿನ ಮೇಲೆ ಇಟ್ಟರು. ಸೀಮೆಎಣ್ಣೆಯ ಸ್ಟೋರಿನದು.

ಬೇಸಿಗೆಗೆ ಊರಿಗೆ ಹೊರಟ ನಿಂಗರಾಜ ಮೂರು ರೈಲು ಬದಲಿಸುವಷ್ಟು ಹೊತ್ತು ಒಂದೇ ಕೆಲಸ ಮಾಡಿದ: ಅವ್ವನಿಗೆ ಏನೇನು ಬಯ್ಯಬೇಕೆಂದು ಜೋಡಿಸಿಟ್ಟುಕೊಂಡ. ಬಸ್ಸು ನೇಸರಗಿಯಲ್ಲಿ ನಿಂತಿತು. ಟ್ರಂಕು ನೆಲ ಮುಟ್ಟಿತು. ಯಾರೂ ಏನೂ ಕೇಳಲಿಲ್ಲ. ಚಹಾದಂಗಡಿಯ ಮಡಿವಾಳೆಪ್ಪ ಎದ್ದು ಬಂದು ಟ್ರಂಕು ತಾನೇ ಹೊತ್ತುಕೊಂಡ.

ನಿಪ್ಪಾಣಿಯ ಜವಾನ ಅವನಿಗಿಂತ ಮೊದಲು ರಜೆಗೆ ಬಂದಿದ್ದ. ಅವನ ಬಾಯಿಂದ ಹೊರಟ ಸುದ್ದಿ ಬೆಳಗಾವಿ ಮುಟ್ಟಿ, ಅಲ್ಲಿಂದ ಬಸ್ಸು ಹತ್ತಿ, ಕಿತ್ತೂರು, ಬೈಲಹೊಂಗಲ, ಯರಗಟ್ಟಿ ಎಲ್ಲ ಕಡೆ ಇಳಿದು ಹೋಗಿತ್ತು. ಎಂಟು ವರ್ಷ ಕೆರೆಯಿಂದ ಶುರು ಮಾಡಿ ವಿವರಿಸಿದರೂ ತಲೆಗೆ ಹೋಗದ ಆಟ ಈಗ ಮೂರು ತಾಲೂಕಿಗೆ ಕರತಲಾಮಲಕ. ಮಾವ ಸಂಗಪ್ಪ ಯರಗಟ್ಟಿಯ ಅಂಗಡಿಯಲ್ಲಿ ಕಡಲೆಯ ರಾಶಿಯ ಮೇಲೆ ಬೆರಳಿನಿಂದ ಗೋಲು ಬರೆದು, ಪಕ್ಕು ಪೂರಾ ಗೆರೆ ದಾಟಿದರಷ್ಟೇ ಗೋಲು, ಅರ್ಧ ದಾಟಿದರೆ ಅಲ್ಲ ಎಂದು ಗಿರಾಕಿಗಳಿಗೆ ನಿಯಮ ಹೇಳುತ್ತಿದ್ದ. ಎಲ್ಲವೂ ಸರಿಯಾಗಿತ್ತು. ಅದನ್ನೇ ನಿಂಗರಾಜನಿಗೆ ಸಹಿಸಲಾಗಲಿಲ್ಲ.

"ಮಾವಾರ, ನಾ ಸೋತ ಬಂದೇನ್ರಿ" ಎಂದ, ತನ್ನನ್ನು ನೋಡಲು ನೇಸರಗಿಗೆ ಬಂದ ಸಂಗಪ್ಪನಿಗೆ. "ನನ್ನ ಜಾಗಾ ಹೋತು. ಎಣ್ಣಿ ಅಳ್ಯಾಕ ಹಚ್ಚ್ಯಾರ."

"ಹೋಗಲಿ ಬಿಡ್ರಿ, ಅಳಿಯಾ ಅಳ್ಯಾಕ ಹೋದ್ರ ತಪ್ಪೇನ?" ಎಂದ ಸಂಗಪ್ಪ, ಬಂದವರಿಗೆ ಪೇಢೆ ಹಂಚುತ್ತ. "ಭಂಡಾರ ಕಂಡು ಖರೇ ಹೇಳಿದ್ರಲ್ಲಾ, ಅದು ದೊಡ್ಡದು."

ಅವ್ವನ ಮುಂದೆ ಜೋಡಿಸಿಟ್ಟುಕೊಂಡ ಬಯ್ಗುಳ ಒಂದೂ ನಡೆಯಲಿಲ್ಲ. ರಾಚವ್ವ ಮಗನ ಪ್ಯಾಂಟು ಮೇಲೆ ಸರಿಸಿ ಎರಡೂ ಕಾಲು ತಿರುಗಿಸಿ ನೋಡಿದಳು, ಬಣ್ಣ ನೆಟ್ಟಗಿತ್ತು. ಇಷ್ಟು ಸಾಕೆಂಬಂತೆ ಒಲೆಯ ಮುಂದೆ ಹೋಗಿ ಕೂತಳು. ಕೊಬ್ಬರಿಯ ಬದಲು ಬರೀ ಅಕ್ಕಿ ಇಡಬೇಕಿತ್ತು ಎಂದು ಅಲ್ಲಿಂದಲೇ ಒಂದು ತಪ್ಪು ಒಪ್ಪಿಕೊಂಡಳು. ನಿಂಗರಾಜ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದ.

ಹಿತ್ತಲಲ್ಲಿ ಕಟ್ಟೆಯ ಮೇಲೆ ಕೂತಿದ್ದವನ ಹತ್ತಿರ ನಾಗರತ್ನಾ ನೀರಿನ ತಂಬಿಗೆ ಹಿಡಿದು ಬಂದಳು. ಊರಿಗೆ ಊರೇ ಹೊಗಳುತ್ತಿರುವಾಗ ಸುಮ್ಮನಿದ್ದವಳು ಅವಳೊಬ್ಬಳೇ.

"ಖರೇನ ಒಳಗ ಹೋಗಿತ್ತೇನ್ರಿ?"

"ನಾಕ ಬೆರಳ ಒಳಗ."

"ಯಾರೂ ನೋಡಿದ್ದಿಲ್ಲ?"

"ಯಾರೂ ಇಲ್ಲ."

ಅವಳು ತಂಬಿಗೆ ಕೆಳಗಿಟ್ಟು ಪಕ್ಕದಲ್ಲಿ ಕೂತಳು. "ಮತ್ತ ಆ ಭಂಡಾರ ಇರದಿದ್ರ ಏನ ಹೇಳ್ತಿದ್ರಿ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ನಿಂಗರಾಜ ತಡಮಾಡಲಿಲ್ಲ. "ಇಲ್ಲ ಅಂತಿದ್ದೆ. ಗೋಲಿ ಆದವ ಹಂಗs ಅನ್ನಬೇಕು."

"ಅಂದ್ರ ಸುಳ್ಳ ಹೇಳಿ ಜಾಗಾ ಉಳಿಸ್ಕೋತಿದ್ರಿ."

"ಹೂಂ."

"ಹಂಗಾದ್ರ ಅತ್ತಿಯಾರು ನಿಮ್ಮ ಕಡೆ ಖರೇ ಹೇಳ್ಸ್ಯಾರ. ಅದಕ್ಕ ಅವರ ಮ್ಯಾಲ ಸಿಟ್ಟ್ಯಾಕ?"

"ಅದಕ್ಕs ಸಿಟ್ಟು" ಎಂದ ನಿಂಗರಾಜ.

ನಾಗರತ್ನಾ ನಗದಿರಲು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ಅವಳು ನಕ್ಕದ್ದಕ್ಕೆ ಅವನಿಗೆ ಮತ್ತಷ್ಟು ಸಿಟ್ಟು ಬಂತು. ಒಳಗಿನಿಂದ ರಾಚವ್ವ, ರೊಟ್ಟಿ ಆರಾಕ ಹತ್ತೈತಿ, ಸಿಟ್ಟು ಉಂಡ ಮ್ಯಾಲ ಮಾಡಲಿ ಎಂದು ಕೂಗಿದಳು. ನೀರು ಕುಡಿದು, ಅವನು ಎದ್ದು ಒಳಗೆ ಹೋದ.